ಮಹಡಿ ಮೇಲಿನ ಟಗರು

ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ಅಳೆಯುವುದರಲ್ಲಿ ಬೆಟ್ಟಮ್ಮನನ್ನು ಮೀರಿಸುವವರು ಪಾಂಡವಪುರದಲ್ಲೇ ಇಲ್ಲವಂತೆ. ಹಾಗೆಂದು ಯಾರು ಹೇಳುತ್ತಿದ್ದರು ಎಂದರೆ, ಸ್ವತಃ ಬೆಟ್ಟಮ್ಮನೇ. ನಾಲೆ ಕಡೆಗೆ ಹೋಗುವ ರಸ್ತೆಯಲ್ಲಿ ಅವಳ ಮನೆ. ಕೆಳಗೆ ಅವಳು ಮತ್ತು ಅವಳ ಗಂಡ ಜವರಯ್ಯ, ಮಹಡಿಯಲ್ಲಿ ಬಾಡಿಗೆಯವರು. ಆಧಾರ್ ಕಾರ್ಡು, ಸಂಬಳದ ಚೀಟಿ ಇವನ್ನೆಲ್ಲ ಅವಳು ಕಣ್ಣೆತ್ತಿಯೂ ನೋಡುವವಳಲ್ಲ. ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಕೈಗೊಂದು ಕಾಫಿ ಲೋಟ ಕೊಟ್ಟು, ಏನೂ ಅರಿಯದವಳ ಹಾಗೆ ಒಂದೇ ಒಂದು ಪ್ರಶ್ನೆ ಹಾಕುತ್ತಿದ್ದಳು.

"ಈಗಿರೋ ಮನೆ ಓನರು ಎಂಗವ್ರೆ?"

ನೀರು ಸರಿಯಾಗಿ ಬಿಡಲ್ಲ, ಎಂಟಕ್ಕೆಲ್ಲ ಗೇಟು ಮುಚ್ಚುತ್ತಾರೆ, ನೆಂಟರು ಬಂದರೆ ಮುಖ ಗಂಟು ಹಾಕುತ್ತಾರೆ ಎಂದು ಬಂದವರು ಶುರುಮಾಡಿದರೋ, ಅಲ್ಲಿಗೆ ಮುಗಿಯಿತು. ಬೆಟ್ಟಮ್ಮ ಅಯ್ಯೋ ಪಾಪ ಎಂದು ತಲೆದೂಗಿ ಎಲ್ಲವನ್ನೂ ಕೇಳಿಸಿಕೊಂಡು, ಲೋಟ ವಾಪಸು ತೆಗೆದುಕೊಂಡು, "ನೆಂಟರಿಗೇ ಅಂತ ಹೇಳ್ಬುಟ್ಟಿವ್ನಿ ಕಣಪ್ಪ ಮನೆಯ" ಎಂದು ಕಳಿಸಿಬಿಡುತ್ತಿದ್ದಳು. ಇವತ್ತು ಅವರನ್ನು ಆಡಿಕೊಂಡ ನಾಲಿಗೆ ನಾಳೆ ನನ್ನನ್ನು ಬಿಟ್ಟೀತೇ ಎನ್ನುವುದು ಅವಳ ಲೆಕ್ಕ. ಒಬ್ಬ ಮೇಷ್ಟ್ರು, ಒಬ್ಬ ಬ್ಯಾಂಕಿನವನು, ಆಗಷ್ಟೇ ಮದುವೆಯಾಗಿದ್ದ ಒಂದು ಮುದ್ದಾದ ಜೋಡಿ, ಎಲ್ಲರೂ ಆ ಜಗಲಿಯಿಂದಲೇ ವಾಪಸಾಗಿದ್ದರು.

ಈ ಪರೀಕ್ಷೆಯಲ್ಲಿ ಚಲುವರಾಜು ಭರ್ಜರಿಯಾಗಿ ಪಾಸಾದ. ಶ್ರೀರಂಗಪಟ್ಟಣದಲ್ಲಿ ಬಾಡಿಗೆಗಿದ್ದು ಗೂಡ್ಸ್ ಆಟೋ ಓಡಿಸುತ್ತಿದ್ದವನು. ಹೆಂಡತಿ ಹೇಮಶ್ರೀಯನ್ನು ಜೊತೆಗೇ ಕರೆದುಕೊಂಡು ಬಂದಿದ್ದ. "ಆ ಓನರು ನಮ್ಗೆ ತಂದೆ ಸಮಾನ ಕಣವ್ವ. ಬುಟ್ಟು ಬರಾಕೇ ಮನಸಿಲ್ಲ" ಎಂದ. ಹೇಮಶ್ರೀ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಬೆಟ್ಟಮ್ಮ ಅಷ್ಟಕ್ಕೇ ಬಿಡದೆ ಆ ಓನರಿಗೂ ಫೋನು ಹಚ್ಚಿದಳು. "ಚಿನ್ನದಂಥ ಹುಡುಗ ಕಣಮ್ಮ. ಕಣ್ಮುಚ್ಕೊಂಡು ಕೊಡಿ" ಎಂದರು ಅವರು. ಮಾತಿನ ಹಿಂದೆ ಗುಟುರ್ ಗುಟುರ್ ಎಂದು ಪಾರಿವಾಳಗಳ ಸದ್ದು ಕೇಳುತ್ತಿತ್ತು. ದೇವಸ್ಥಾನದ ಪಕ್ಕದ ಮನೆಯಿರಬೇಕು, ಪುಣ್ಯವಂತರು ಎಂದುಕೊಂಡಳು ಬೆಟ್ಟಮ್ಮ.

ಹಾಲುಕ್ಕಿಸುವ ದಿನ ಹೇಮಶ್ರೀ ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದು ಕಂಕುಳಲ್ಲಿ ಒಂದು ಕುರಿಮರಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

"ತಾಯಿ ಸತ್ತೋದ ಮರಿ ಕಣವ್ವ, ನಮ್ಮೂರು ಶೀಳನೆರೆದು" ಎಂದ ಚಲುವರಾಜು. "ಎರಡು ದಿನ ಇಟ್ಕೊಂಡು ಊರಿಗೆ ಬುಟ್ಬುಡ್ತೀನಿ."

ಆ ಮರಿಯ ಕಣ್ಣು ನೋಡಿ ಬೆಟ್ಟಮ್ಮನ ಕರುಳು ಚುರ್ ಎಂದಿತು. ತಾನೇ ಒಂದು ಬಟ್ಟಲು ಹಾಲು ಬೆಚ್ಚಗೆ ಮಾಡಿ ಮೇಲಕ್ಕೆ ಕಳಿಸಿದಳು. ಅವಳು ಮಾಡಿದ ದೊಡ್ಡ ತಪ್ಪು ಅದೇ.

ವರ್ಷ ತುಂಬುವುದರೊಳಗೆ ಮರಿ ಟಗರಾಯಿತು. ಹೆಸರು ದೊರೆ. ಹೆಸರಿಗೆ ತಕ್ಕ ಕೊಂಬು, ಕೊಂಬಿಗೆ ತಕ್ಕ ಪೊಗರು. ಬೆಳಕು ಹರಿಯುವ ಮುಂಚೆಯೇ ಎದ್ದು ಮಹಡಿ ಮನೆಗೆ ತಾಗಿದ ತಾರಸಿಯ ಬಾಗಿಲಿಗೆ ಡಬ್ ಡಬ್ ಎಂದು ಗುದ್ದುತ್ತಿತ್ತು. ಬಾಗಿಲು ಬೇಜಾರಾದರೆ ನೀರಿನ ಟ್ಯಾಂಕಿಗೆ. ಬೆಟ್ಟಮ್ಮ ಮಲಗುವ ಕೋಣೆ ಸರಿಯಾಗಿ ಅದರ ಕೆಳಗೇ ಇತ್ತು. ಮಳೆ ಬಂದರೆ ತಾರಸಿಯ ನೀರಿನ ಜೊತೆ ಹಿಕ್ಕೆಯೂ ಕೊಳವೆಯಲ್ಲಿ ಇಳಿದು ತುಳಸಿಕಟ್ಟೆಯ ಮುಂದೆ ರಂಗೋಲಿ ಹಾಕುತ್ತಿತ್ತು. ಮಗಳು ಗೌರಿಹಬ್ಬಕ್ಕೆ ತಂದುಕೊಟ್ಟಿದ್ದ ಸೀರೆ ಒಣಹಾಕಿದ್ದಾಗ ಅದರ ಸೆರಗು ದೊರೆಯ ಹೊಟ್ಟೆ ಸೇರಿದ ದಿನವಂತೂ ಬೆಟ್ಟಮ್ಮ ಬೀದಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡಳು.

"ಏನ್ಲಾ ಚಲುವ, ಎರಡು ದಿನ ಅಂದಿದ್ದೆ. ನಿನ್ನೆರಡು ದಿನ ಇನ್ನೂ ಮುಗಿದಿಲ್ವೇನ್ಲಾ?"

"ಆಯ್ತು ಕಣವ್ವ. ಈ ವಾರ ಸಾಗಿಸ್ಬುಡ್ತೀನಿ."

ಅವನ ತೊಂದರೆಯೇ ಅದು. ಚಲುವರಾಜು ಎದುರುತ್ತರ ಕೊಟ್ಟವನಲ್ಲ. ಬಾಡಿಗೆ ತಡಮಾಡಿದವನಲ್ಲ, ದನಿ ಏರಿಸಿದವನಲ್ಲ. ಏನು ಹೇಳಿದರೂ ಕೈಕಟ್ಟಿ ನಿಂತು "ಆಯ್ತು ಕಣವ್ವ" ಎನ್ನುತ್ತಿದ್ದ, ಮತ್ತು ಜಪ್ಪಯ್ಯ ಎಂದರೂ ಅದನ್ನು ಮಾಡುತ್ತಿರಲಿಲ್ಲ. ತಿರುಗಿ ಬೈಯುವವನ ಜೊತೆ ಜಗಳವಾದರೂ ಆಡಬಹುದು. ಇವನ ಮುಂದೆ ಬೈದು ಬೈದು ಬೆಟ್ಟಮ್ಮನಿಗೇ ಸುಸ್ತಾಗಿ, ಕೊನೆಗೆ ಅವನ ಹೆಂಡತಿಯೇ ಕುಡಿಯಲು ನೀರು ತಂದುಕೊಡುತ್ತಿದ್ದಳು.

ತವರುಮನೆ ಕಿರಂಗೂರಿನ ಒಂದು ಮದುವೆಯಲ್ಲಿ ಬೆಟ್ಟಮ್ಮನಿಗೆ ನಿಜ ಸಂಗತಿ ಗೊತ್ತಾಯಿತು. ಶ್ರೀರಂಗಪಟ್ಟಣದ ಮನೆಯ ತಾರಸಿಯಲ್ಲಿ ಚಲುವರಾಜು ಗೂಡುಗಟ್ಟಲೆ ಪಾರಿವಾಳ ಸಾಕಿದ್ದನಂತೆ. ಇವನು ಮನೆ ಬಿಟ್ಟ ದಿನ ಆ ಓನರು ಬೀದಿಗೆಲ್ಲ ಮೈಸೂರು ಪಾಕು ಹಂಚಿದರಂತೆ. ಊಟಕ್ಕೆ ಕೂತಿದ್ದ ಬೆಟ್ಟಮ್ಮನಿಗೆ ಎಲೆಯ ಮೇಲಿನ ಪಾಯಸ ಇಳಿಯಲಿಲ್ಲ. ಚಿನ್ನದಂಥ ಹುಡುಗ ಎಂದು ನನ್ನ ತಲೆಗೆ ಕಟ್ಟಿದನಲ್ಲ ಆ ಮಹಾರಾಯ, ಅವನ ಮನೆ ಹಾಳಾಗ! ಮನೆಗೆ ಬಂದವಳೇ ಚಲುವರಾಜುವನ್ನು ಕರೆದು ಖಾಲಿ ಮಾಡು ಎಂದಳು.

"ಆಯ್ತು ಕಣವ್ವ" ಎಂದ ಅವನು.

ಮನೆ ಹುಡುಕಿದ್ದೇನೋ ನಿಜ. ಆದರೆ ಟಗರಿದೆ ಎಂದ ಕೂಡಲೇ ಓನರುಗಳು ಬಾಗಿಲು ಹಾಕಿಕೊಳ್ಳುತ್ತಿದ್ದರು. ದೊರೆ ಗುದ್ದುತ್ತಲೇ ಇತ್ತು.

ಮನೆಯ ಹಿಂದೆ ಒಂದು ಕೊಟ್ಟಿಗೆಯಿತ್ತು. ಹೆಂಚಿನ ಸೂರು, ಕಲ್ಲುಹಾಸಿನ ನೆಲ, ಗೋದಲಿ, ಎಲ್ಲ ಗಟ್ಟಿಯಾಗಿಯೇ ಇದ್ದವು. ಬಾಗಿಲಿಗೆ ಮಾತ್ರ ಬೀಗ. ಚಲುವರಾಜು ಬರುವ ಹಿಂದಿನ ವರ್ಷ ಬೆಟ್ಟಮ್ಮನ ಹಸು ಕೆಂಪಿ ಕರು ಹಾಕಲಾಗದೆ ಅಲ್ಲೇ ಅವಳ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತ್ತು. ಅವತ್ತು ಹಾಕಿದ ಬೀಗ. ಆ ಕೊಟ್ಟಿಗೆಯ ಮಾತೆತ್ತಿದರೆ ಬೆಟ್ಟಮ್ಮ ಎದ್ದು ಹೋಗಿಬಿಡುತ್ತಿದ್ದಳು. ಜವರಯ್ಯ ಒಮ್ಮೆ, ಅಲ್ಲಿ ಸೌದೆಯಾದರೂ ಒಟ್ಟೋಣ ಎಂದದ್ದಕ್ಕೆ ಅವಳು ಎರಡು ಹೊತ್ತು ಒಲೆ ಹಚ್ಚಿರಲಿಲ್ಲ. ಆದರೆ ಕೈಗೆ ಆದ ಅಭ್ಯಾಸ ಹೋಗಬೇಕಲ್ಲ! ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಗಂಜಿ ಎಲ್ಲವೂ ಈಗಲೂ ಕಲಗಚ್ಚಿನ ಬಕೆಟ್ಟಿಗೇ ಬೀಳುತ್ತಿದ್ದವು. ಬೆಳಿಗ್ಗೆ ಎದ್ದು ಆ ಬಕೆಟ್ಟನ್ನು ಚರಂಡಿಗೆ ಸುರಿಯುವಾಗ ದಿನವೂ ಅವಳ ಕಣ್ಣು ಆ ಬೀಗದ ಕಡೆಗೆ ಹೋಗುತ್ತಿತ್ತು.

ಅಂತೂ ಒಂದು ದಿನ ಚಲುವರಾಜು ಸಿಹಿ ಸುದ್ದಿ ತಂದ. ಕೆ.ಆರ್.ಪೇಟೆಯಲ್ಲಿ ಯಶೋದಮ್ಮ ಎನ್ನುವವರ ಮನೆ ಖಾಲಿಯಿದೆ. ಟಗರಿನ ವಿಷಯ ಇನ್ನೂ ಹೇಳಿಲ್ಲ. ಆದರೆ ಆ ಅಮ್ಮ, ಇರುವ ಮನೆಯನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ಕಣ್ಣಾರೆ ನೋಡದೆ ಯಾರಿಗೂ ಮನೆ ಕೊಡುವವರಲ್ಲವಂತೆ. ಭಾನುವಾರ ಬರುತ್ತಾರೆ.

ಬೆಟ್ಟಮ್ಮ ಸೊಂಟ ಕಟ್ಟಿ ನಿಂತಳು. ಶನಿವಾರವೇ ತಾರಸಿ ತೊಳೆಸಿದಳು. ಭಾನುವಾರ ಬೆಳಿಗ್ಗೆ ಟಗರಿನ ಹಗ್ಗವನ್ನು ಜವರಯ್ಯನ ಕೈಗೆ ಕೊಟ್ಟು, "ನಾಲೆ ಏರಿ ಮ್ಯಾಲೆ ಮೇಯಿಸ್ತಾ ಇರಿ. ನಾನು ಫೋನು ಮಾಡೋಗಂಟ ಈ ಕಡೀಕೆ ತಲೆ ಹಾಕ್ಬ್ಯಾಡಿ" ಎಂದಳು.

"ಪಾಪ, ಆವಮ್ಮನೂ ನಿನ್ನಂಗೆ ಒಂದು ಮನೆ ಇಟ್ಕೊಂಡೋಳಲ್ವಾ?" ಎಂದ ಜವರಯ್ಯ.

"ನಂಗೆ ಯಾರು ಪಾಪ ಅಂದ್ರು?"

ಅವನು ಟಗರಿನ ಹಿಂದೆ ನಡೆದ. ನಿಜವಾಗಿ ಹೇಳಬೇಕೆಂದರೆ, ಟಗರೇ ಅವನನ್ನು ಎಳೆದುಕೊಂಡು ಹೋಯಿತು.

"ನೋಡ್ಲಾ ಚಲುವ, ಆವಮ್ಮನ ಮುಂದೆ ಟಗರಿನ ಸುದ್ದಿ ಎತ್ತಬ್ಯಾಡ. ಸಾಮಾನು ಸಾಗಿಸಿ ಹಾಲುಕ್ಕಿಸಿದ ಮ್ಯಾಲೆ ಏನಾರಾ ಮಾಡ್ಕೊ. ಕೇಳುಸ್ತಾ?"

"ಆಯ್ತು ಕಣವ್ವ."

ಯಶೋದಮ್ಮ ಬಸ್ಸಿಳಿದು ಬಂದಾಗ ಬಿಸಿಲು ಏರಿತ್ತು. ಬೆಟ್ಟಮ್ಮನದೇ ವಯಸ್ಸು, ಗಂಡ ಇಲ್ಲ, ಒಂಟಿ ಹೆಂಗಸು. ತನ್ನ ಮನೆಯ ಕೆಳಗಿನ ಭಾಗದ ಬಾಡಿಗೆಯೇ ಜೀವನಕ್ಕೆ ಆಧಾರ ಎಂದು ಕೂರುವ ಮೊದಲೇ ಹೇಳಿಕೊಂಡಳು. ಹಿಂದೆ ಇದ್ದವರಿಂದ ಬಹಳ ನೊಂದಿದ್ದಳಂತೆ. ಬೆಟ್ಟಮ್ಮ ಕಾಫಿ ಕೊಟ್ಟಳು.

"ಹುಡುಗ ಎಂಗಕ್ಕ?"

"ಚಿನ್ನದಂಥ ಹುಡುಗ ಕಣವ್ವ" ಎಂದಳು ಬೆಟ್ಟಮ್ಮ.

ಅಂದ ಮೇಲೆ ಅವಳಿಗೆ ಹೊಳೆಯಿತು. ಅದೇ ಮಾತು. ಅವತ್ತು ಫೋನಿನಲ್ಲಿ ಪಾರಿವಾಳಗಳ ನಡುವಿನಿಂದ ಬಂದ ಅದೇ ಮಾತು ಈಗ ತನ್ನ ಬಾಯಿಂದ ಬಂದಿತ್ತು. ಎದುರಿಗಿದ್ದವಳು ಅದನ್ನು ನಂಬಿ, ಬಿಸಿ ಕಾಫಿಯನ್ನು ನೆಮ್ಮದಿಯಾಗಿ ಹೀರುತ್ತಿದ್ದಳು. ಬೆಟ್ಟಮ್ಮನಿಗೆ ಆ ಮುಖ ನೋಡಲಾಗಲಿಲ್ಲ. ಆದರೂ ಬೆಳಗಿನ ಆ ಡಬ್ ಡಬ್ ನೆನಪಾಗಿ ಬಾಯಿ ಬಿಗಿಹಿಡಿದಳು.

"ನಾನು ಮ್ಯಾಲೆ ಓಗಿ ಅಡುಗೆಮನೆ ನೋಡ್ಕೊಂಡು ಬತ್ತೀನಿ. ನೀವಿಲ್ಲೇ ಇರಿ" ಎಂದು ಯಶೋದಮ್ಮ ಮೆಟ್ಟಿಲು ಹತ್ತಿದಳು.

ಇರಿ ಎಂದರೆ ಬೆಟ್ಟಮ್ಮ ಇದ್ದಾಳೇ? ತಟ್ಟೆಗೆ ನಾಲ್ಕು ಕೋಡುಬಳೆ ಹಾಕಿಕೊಂಡು, ಕೊಡಲಿಕ್ಕೆ ಬಂದೆ ಎನ್ನುವ ನೆಪ ಸಿದ್ಧಮಾಡಿಕೊಂಡು, ಹಿಂದೆಯೇ ಮೆಲ್ಲಗೆ ಹತ್ತಿ ಮೆಟ್ಟಿಲ ತಿರುವಿನಲ್ಲಿ ನಿಂತಳು. ಒಳಗಿನಿಂದ ಯಶೋದಮ್ಮನ ದನಿ ಕೇಳಿಸಿತು.

"ಈಗಿರೋ ಮನೆ ಓನರಮ್ಮ ಎಂಗಪ್ಪ?"

ಬೆಟ್ಟಮ್ಮ ಇನ್ನೊಂದು ಮೆಟ್ಟಿಲು ಹತ್ತಿದಳು. ತನ್ನ ಪ್ರಶ್ನೆಯೇ! ಇವಳೂ ಇದೇ ಕಸುಬಿನವಳೇ.

"ಬೈತಾರೆ ಕಣಮ್ಮ" ಎಂದ ಚಲುವರಾಜು. "ಬೆಳಿಗ್ಗೆ ಎದ್ದ್ರೆ ಬೈತಾರೆ."

ಬೆಟ್ಟಮ್ಮನ ಮುಖ ಕೆಂಪೇರಿತು.

"ಬೈಯೋದು ಬಾಯಿ ಅಷ್ಟೇಯ" ಎಂದು ಹೇಮಶ್ರೀ ಸೇರಿಸಿದಳು. "ನಂಗೆ ಚಿಕುನ್‌ಗುನ್ಯಾ ಬಂದು ಕೈಕಾಲು ಇಡ್ಕೊಂಡಾಗ ದಿನಾ ಬಸ್ಸಾರು ಮಾಡಿ, ಮುದ್ದೆ ತಿರುವ್ಕೊಂಡು ಮ್ಯಾಕೆ ತರೋರು. ಬೈಕೊಂಡೇ ಬಾಯಿಗೆ ಇಡೋರು. ನನ್ನ ತಲೆ ಬಾಚೋರು. ನಮ್ಮವ್ವನೂ ಅಷ್ಟು ಮಾಡ್ತಿರ್ನಿಲ್ಲ."

"ಮತ್ಯಾಕೆ ಬುಡ್ತಾ ಇದ್ದೀರಿ?"

ಬೆಟ್ಟಮ್ಮ ಬಾಗಿಲ ಕಡೆಗೆ ಕಿವಿಯಿಟ್ಟಳು.

"ತಪ್ಪು ನಂದೇ ಕಣಮ್ಮ" ಎಂದ ಚಲುವರಾಜು. "ಟಗರು ಸಾಕಿವ್ನಿ, ಈ ತಾರಸಿ ಮ್ಯಾಲೆ. ಅವ್ವಾರಿಗೆ ನಿದ್ದೆ ಇಲ್ಲ. ನಿಮ್ಗೆ ಹೇಳ್ಬ್ಯಾಡ ಅಂದಿದ್ರು, ಆಯ್ತು ಅಂದಿದ್ದೆ. ಆದ್ರೆ ನಿಮ್ಗೂ ನಿದ್ದೆ ಬೇಕಲ್ವಾ?"

ಹೇಳಿಬಿಟ್ಟ, ಮುಂಡೇಮಗ! ಆಯ್ತು ಎಂದ ಒಂದು ಮಾತನ್ನೂ ನಡೆಸದವನು ಇದನ್ನು ಮಾತ್ರ ನಡೆಸುತ್ತಾನೆಂದು ನಂಬಿದ ತನಗೇ ಬುದ್ಧಿಯಿಲ್ಲ ಎಂದುಕೊಂಡಳು ಬೆಟ್ಟಮ್ಮ.

"ಮಹಡಿ ಮ್ಯಾಲೆ ಟಗರೇ! ಕೆಳಗೆ ಕೊಟ್ಟಿಗೆ ನೋಡ್ದಂಗಾಯ್ತಲ್ಲ ನಾನು?" ಎಂದಳು ಯಶೋದಮ್ಮ.

"ಅದ ಕೇಳಂಗಿಲ್ಲ ಕಣಮ್ಮ" ಎಂದು ಚಲುವರಾಜು ದನಿ ತಗ್ಗಿಸಿದ. "ಅವ್ವಾರ ಹಸ ಸತ್ತಿದ್ದು ಅಲ್ಲೇಯ. ನಾವು ಬಂದ ದಿನಾನೇ ಜವರಯ್ಯಾರು ಹೇಳಿದ್ರು. ಕೇಳಿದ್ರೆ ಬೈಯಾಕಿಲ್ಲ, ಅಳ್ತಾರೆ. ಬೈಸ್ಕೊಬೋದು ಕಣಮ್ಮ, ಅಳಿಸ್ಬಾರ್ದು. ಅದಕ್ಕೇ ಮ್ಯಾಲೇ ಕಟ್ಕೊಂಡೆ."

ಬೆಟ್ಟಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಷ್ಟು ಕಾಲ ಅವನನ್ನು ಮಾನಗೆಟ್ಟವನು, ದಪ್ಪ ಚರ್ಮದವನು ಎಂದೆಲ್ಲ ಅಂದಿದ್ದಳು. ಅವನು ಒಂದು ದಿನವೂ ಹಿತ್ತಲ ಕಡೆ ಕೈ ತೋರಿಸಿ, ಅಲ್ಲಿ ಕಟ್ಟಲೇ ಎಂದು ಕೇಳಿರಲಿಲ್ಲ. ಅವಳಿಗೆ ಕೆಂಪಿಯ ನೆನಪಾಯಿತು, ನಾಚಿಕೆಯಾಯಿತು, ಎರಡೂ ಒಟ್ಟಿಗೇ ಬಂದು ಕಣ್ಣು ಒದ್ದೆಯಾಯಿತು.

ಒಳಗೆ ಯಶೋದಮ್ಮ ನಗುತ್ತಿದ್ದಳು. "ನನ್ನ ಮುಂದೆ ನಿಜ ಹೇಳ್ದೋರ ಇವತ್ತೇ ನೋಡಿದ್ದು ಬುಡಪ್ಪ. ನಮ್ಮ ಹಿತ್ಲಲ್ಲಿ ಹಲಸಿನ ಮರ ಐತೆ. ಟಗರ ಅಲ್ಲಿ ಕಟ್ಕೊ. ಮುಂದಿನ ವಾರಾನೇ ಬಂದ್ಬುಡಿ."

ಬೆಟ್ಟಮ್ಮ ಇಷ್ಟು ದಿನ ಹಂಬಲಿಸಿದ್ದು ಅದೇ ಮಾತಿಗೆ. ಇನ್ನೊಂದು ವಾರ, ಆಮೇಲೆ ಬೆಳಗಿನ ನಿದ್ದೆ ಅವಳದು. ಆದರೆ ಅವಳು ಎದ್ದು ಒಳಗೆ ಹೋದಳು.

"ಮನೆ ಖಾಲಿಯಾಗಾಕಿಲ್ಲ ಕಣವ್ವ" ಎಂದಳು ಯಶೋದಮ್ಮನಿಗೆ. "ನಾನು ಕೆಳಗೆ ಅಂದಿದ್ದು ಮೋಸದ ಮಾತು. ಟಗರ ವಿಷ್ಯ ಮುಚ್ಚಿಟ್ಟೆ. ತಪ್ಪಾಯ್ತು."

ಯಶೋದಮ್ಮ ಅವಳ ಒದ್ದೆ ಕಣ್ಣು, ಕೈಯಲ್ಲಿದ್ದ ತಟ್ಟೆ ಎರಡನ್ನೂ ನೋಡಿದಳು. "ಅಂಗಾದ್ರೆ ನಾನು ಇಷ್ಟು ದೂರ ಬಂದದ್ದು ಯಾಕಕ್ಕ?"

"ಕೋಡುಬಳೆ ತಿನ್ನವ್ವ. ಊಟ ಮಾಡ್ಕೊಂಡು ಓಗು." ಆಮೇಲೆ ಚಲುವರಾಜುವಿನ ಕಡೆ ತಿರುಗಿದಳು. ಇದೇ ಅವಳಿಗೆ ಕಷ್ಟವಾದದ್ದು. ಅವನು ಅಭ್ಯಾಸದ ಹಾಗೆ ಕೈಕಟ್ಟಿ ನಿಂತಿದ್ದ. "ಏನ್ಲಾ, ನಾನು ಓಗು ಅಂದಿದ್ದೆ ಅಂತ ಓಗ್ಬುಡ್ತೀಯೇನ್ಲಾ?"

"ಇಲ್ಲ ಕಣವ್ವ" ಎಂದ ಚಲುವರಾಜು.

ಆ ಮನೆಗೆ ಬಂದ ಮೇಲೆ ಅವನು ಅವಳಿಗೆ ಇಲ್ಲ ಎಂದದ್ದು ಅದೇ ಮೊದಲು.

ಜವರಯ್ಯ ನಾಲೆಯ ಏರಿಯಿಂದ ಬರುವಷ್ಟರಲ್ಲಿ ಯಶೋದಮ್ಮ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಬೆಟ್ಟಮ್ಮ ಹಿತ್ತಲಲ್ಲಿ ಬೀಗಕ್ಕೆ ಎಣ್ಣೆ ಬಿಡುತ್ತಿದ್ದಳು. ತುಕ್ಕು ಹಿಡಿದಿತ್ತು, ಬಹಳ ಹೊತ್ತು ಸತಾಯಿಸಿತು. ಜವರಯ್ಯ ಹಗ್ಗ ಹಿಡಿದು ನಿಂತ. ಬಾಗಿಲು ತೆರೆದಾಗ ಒಳಗೆ ಹಳೇ ಹುಲ್ಲಿನ ವಾಸನೆ ಇನ್ನೂ ಇತ್ತು. ಬೆಟ್ಟಮ್ಮ ಒಂದಷ್ಟು ಹೊತ್ತು ಗೋದಲಿ ಹಿಡಿದುಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಪೊರಕೆ ಹಿಡಿದಳು.

ಮಾರನೆಯ ಬೆಳಿಗ್ಗೆ ಗುದ್ದುವ ಸದ್ದಿಲ್ಲದಿದ್ದರೂ ಅವಳಿಗೆ ಅದೇ ಹೊತ್ತಿಗೆ ಎಚ್ಚರವಾಯಿತು. ಕಲಗಚ್ಚಿನ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಬಂದವಳು ಚರಂಡಿ ದಾಟಿ ಕೊಟ್ಟಿಗೆಗೆ ಹೋದಳು. ದೊರೆ ಬಕೆಟ್ಟಿಗೆ ಮೊದಲು ಒಂದು ಗುದ್ದು ಕೊಟ್ಟಿತು.

"ನಿಧಾನಕ್ಕೆ ಕುಡಿ, ಮುಂಡೇದೇ" ಎಂದು ಬೈದು ಬೆಟ್ಟಮ್ಮ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಕುಡಿದು ಮುಗಿಸುವವರೆಗೂ ಅಲ್ಲೇ ಕೂತಿದ್ದಳು.