ಎದುರಿನಿಂದ ಹಿಡಿದ ಸಾಲು

ಬೈಲಹೊಂಗಲದ ಮಹಾನಂದಾ ಬೆಳಿಗ್ಗೆಯಿಂದ ಮೊಬೈಲ್ ಮೇಲೆ ಸಿಟ್ಟು ತೀರಿಸುತ್ತಿದ್ದಳು. ಅವಳದು ನಾಲ್ವರು ಹೆಣ್ಣುಮಕ್ಕಳ ತಂಡ, ಅದಕ್ಕೆ ಅವಳೇ ಮುಖ್ಯಸ್ಥೆ. ಒಂದು ಕಂಪನಿಯವರು ರೆಕಾರ್ಡ್ ಮಾಡಿದ ಮಾತುಗಳನ್ನು ಕಳಿಸುತ್ತಾರೆ. ಇವರು ತಮ್ಮ ತಮ್ಮ ಮನೆಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೂತು, ಕೇಳಿದ್ದನ್ನು ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ಯಶೋಧಾ ಕಿತ್ತೂರಿನಲ್ಲಿ, ಸ್ನೇಹಲ್ ರಾಮದುರ್ಗದಲ್ಲಿ, ಉಮಾಶ್ರೀ ತೊರಗಲ್ಲಿನಲ್ಲಿ. ಒಂದೇ ಕಡೆ ಸೇರಿ ಒಂದು ಕಪ್ ಚಹಾ ಕುಡಿದವರಲ್ಲ. ವಾಟ್ಸಾಪ್ ಗುಂಪೇ ಅವರ ಆಫೀಸು.

ಆ ಗುಂಪಿಗೆ ಮಹಾನಂದಾ ಒಂದು ನಿಯಮ ಹಾಕಿದ್ದಳು. ಕೆಲಸದ ಮಾತು ಮಾತ್ರ, ಹರಟೆ ಬೇಡ. ನಮ್ಮ ಕಡೆಯವರಿಗೆ ಊಟ ಆಯಿತೇ ಎಂದು ಕೇಳದೆ ಮಾತು ಶುರು ಮಾಡಲು ಬರುವುದೇ ಇಲ್ಲ. ಆದರೂ ಪಾಪ, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಎರಡು ವಾರದಿಂದ ಉಮಾಶ್ರೀಯ ಕೆಲಸ ಹಿಂದೆ ಬಿದ್ದಿತ್ತು. ಅವಳ ಪಾಲಿನ ಅರವತ್ತು ರೆಕಾರ್ಡಿನಲ್ಲಿ ಇನ್ನೂ ಇಪ್ಪತ್ತೂ ಮುಗಿದಿರಲಿಲ್ಲ. ಶನಿವಾರ ಎಲ್ಲವನ್ನೂ ಕಳಿಸಬೇಕು. ಯಾಕೆ ತಡ ಎಂದು ಬರೆದರೆ ಅತ್ತಲಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು, ಅಷ್ಟೇ.

"ಮಲಗಿರಬೇಕು ಮಹಾರಾಣಿ! ಈಕಿನ್ನ ತಗದು ಬ್ಯಾರೇದಾರನ್ನ ಕೊಡ್ರಿ ಅಂತ ಕಂಪನಿಗೆ ಬರದು ಇಟ್ಟೇನಿ. ಕಳಸೂದೊಂದ ಬಾಕಿ" ಎಂದು ಮಹಾನಂದಾ ಗೊಣಗಿದಳು.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಬಾಯವ್ವ ತಲೆ ಎತ್ತಿದಳು. "ಫೋನ್ ಹಚ್ಚಿ ಮಾತಾಡಿಯೇನು?"

"ಮೆಸೇಜ್ ಹಾಕೇನಲ್ಲ ಅತ್ತಿ."

"ಮೆಸೇಜಿಗೆ ಮಾರಿ ಐತೇನು, ದನಿ ಐತೇನು? ನಾವು ಕಳೆ ತಗಿಯಾಕ ಹೋದಾಗ ಒಬ್ಬಾಕಿ ಸಾಲು ಹಿಂದ ಬಿದ್ರ ಏನ ಮಾಡತಿದ್ವಿ ಗೊತ್ತೈತೇನು? ನಮ್ಮ ಸಾಲು ಮುಗಿಸಿ, ಆಕಿ ಸಾಲು ಎದರಿನಿಂದ ಹಿಡದು ಬರತಿದ್ವಿ. ನಡುವ ಕೂಡಿದಾಗ ಆಕಿ ಮಾರಿ ನೋಡಿದ್ರ ತಿಳಿತಿತ್ತು, ಜ್ವರಾ ಬಂದಾವೋ, ಮನ್ಯಾಗ ಜಗಳಾ ಆಗೇತೋ ಅಂತ. ಹಿಂದ ಬಿದ್ದಾಕಿನ್ನ ಹೊಲದಿಂದ ಹೊರಗ ಹಾಕತಿರಲಿಲ್ಲ ನಾವು."

"ಅದು ಹೊಲ ಅತ್ತಿ. ಇದು ಕಂಪನಿ ಕೆಲಸ. ಎಲ್ಲಾರ ಕಣ್ಣೀರು ವರಸ್ಕೋಂತ ಕುಂತ್ರ ಶನಿವಾರ ನಿಲ್ಲತೈತೇನು?"

ಹಾಗೆಂದರೂ ಅತ್ತೆಯ ಬಾಯಿಗೆ ಹೆದರಿ ಫೋನ್ ಹಚ್ಚಿ, ಸ್ಪೀಕರ್ ಹಾಕಿದಳು.

"ಉಮಾ, ಆರಾಮ ಅದಿಯೇನವಾ?"

"ಆರಾಮ ಅದೇನ್ರಿ ಅಕ್ಕಾರ."

"ಮತ್ತ ಕೆಲಸ ಎಲ್ಲಿಗೆ ಬಂತು?"

"ಇನ್ನೊಮ್ಮೆ ಹೇಳ್ರಿ?"

ಮಹಾನಂದಾ ಮತ್ತೆ ಕೇಳಿದಳು. ಆ ಕಡೆ ಫೋನ್ ಸರಿದಾಡಿದ ಸದ್ದಾಯಿತು. "ತಡೀರಿ, ಈ ಕಡೆ ಹಿಡಕೋತೇನಿ. ಹಾಂ, ಈಗ ಹೇಳ್ರಿ."

ಬಾಯವ್ವ ಮೊರ ಕೆಳಗಿಟ್ಟು ಸೊಸೆಯ ಕೈಯಿಂದ ಫೋನ್ ತೆಗೆದುಕೊಂಡಳು. "ಯವ್ವಾ, ನಾ ಈಕಿ ಅತ್ತಿ. ಆರಾಮ ಅಂತ ಎಲ್ಲಾರೂ ಅಂತೇವಿ. ನೀ ಖರೇ ಹೇಳು. ಯಾವ ಕಿವಿ ಕೇಳಸವಲ್ದು?"

ಆ ಕಡೆಯಿಂದ ಅಳು ಕೇಳಿಸಿತು.

"ಎಡಗಿವಿರಿ. ಸೋರಾಕ ಹತ್ತಿ ಹದಿನೈದು ದಿನ ಆತು. ಒಂದೊಂದು ರೆಕಾರ್ಡು ನಾಕ್‌ನಾಕು ಸಲ ಕೇಳಾಕತ್ತೇನಿ. ಕೇಳೂ ಕೆಲಸಕ್ಕ ಕಿವಿ ಇಲ್ಲದಾಕಿನ್ನ ಯಾರು ಇಟ್ಕೋತಾರ್ರಿ? ಅದಕ್ಕ ಹೇಳಲಿಲ್ಲ."

ಮಹಾನಂದಾಳಿಗೆ ನಾಚಿಕೆಯಾಯಿತು. ಮಹಾರಾಣಿ ಎಂದಿದ್ದು ನೆನಪಾಗಿ ಕಣ್ಣು ತುಂಬಿತು.

"ದವಾಖಾನಿಗೆ ಹೋಗಿಯೇನು?" ಎಂದು ಮಹಾನಂದಾ ಫೋನಿನತ್ತ ಬಾಗಿ ಕೇಳಿದಳು.

"ಶನಿವಾರ ಮುಗೀಲಿ ಅಂತ ಬಿಟ್ಟೇನ್ರಿ."

"ಶನಿವಾರ ನಾ ನೋಡ್ಕೋತೇನಿ. ನೀ ಮೊದಲ ಆ ಹೆಡ್‌ಫೋನ್ ತಗದಿಡು. ನಿನ್ನ ಸುದ್ದಿ ಗುಂಪಿನ್ಯಾಗ ಹೇಳಲೇನು?"

"ಹೇಳ್ರಿ ಅಕ್ಕಾರ. ಮುಚ್ಚಿಟ್ಟು ಸಾಕಾಗೇತಿ."

ತಾನೇ ಹಾಕಿದ ನಿಯಮವನ್ನು ಮಹಾನಂದಾ ತಾನೇ ಮುರಿದಳು. ಗುಂಪಿನಲ್ಲಿ ಸುದ್ದಿ ಬಿದ್ದ ಎರಡೇ ನಿಮಿಷಕ್ಕೆ ಸ್ನೇಹಲ್ ಬರೆದಳು: "ಉಮಕ್ಕ, ನಾಳೆ ಮುಂಜಾನೆ ಬಸ್ಸಿಗೆ ಬರ್ರಿ. ರಾಮದುರ್ಗ ಬಸ್‌ಸ್ಟ್ಯಾಂಡಿನ್ಯಾಗ ನಾ ನಿಂತಿರತೇನಿ."

ಮಹಾನಂದಾ ಮತ್ತು ಯಶೋಧಾ ಉಮಾಶ್ರೀಯ ಪಟ್ಟಿಯನ್ನು ಕೊನೆಯಿಂದ ಹಿಡಿದರು. ಅರವತ್ತು, ಐವತ್ತೊಂಬತ್ತು, ಐವತ್ತೆಂಟು. ಬಾಯವ್ವ ಹೇಳಿದಂತೆ ಎದುರಿನಿಂದ. ಕಂಪನಿಯವರನ್ನು ಎರಡು ದಿನ ಹೆಚ್ಚಿಗೆ ಕೇಳಿದರೆ ಅವರು ಮರುಮಾತಿಲ್ಲದೆ ಕೊಟ್ಟರು. ಇಷ್ಟು ದಿನ ಕೇಳಲು ಹೆದರಿದ್ದೇ ದಂಡ.

ಮರುದಿನ ಮಧ್ಯಾಹ್ನ ಸ್ನೇಹಲ್ ಫೋನ್ ಮಾಡಿದಳು. "ಡಾಕ್ಟರ್ ನೋಡಿದ್ರು. ಸೋಂಕು ಆಗೇತಂತ. ಔಷಧ ಕೊಟ್ಟಾರ, ಕಿವಿಯಾಗ ನೀರು ಹೋಗಬಾರದಂತ. ಇನ್ನೂ ತಡ ಮಾಡಿದ್ರ ಕಷ್ಟ ಇತ್ತು, ಈಗ ಚಿಂತಿ ಇಲ್ಲ ಅಂದ್ರು. ಅಂದಂಗ ಅಕ್ಕಾರ, ಬರೇ ಹೆಬ್ಬಟ್ಟ ತೋರಸ್ತಾರಲ್ಲ, ಉಮಕ್ಕ ಭಾಳ ಗತ್ತಿನಾಕಿ ಅನ್ಕೊಂಡಿದ್ನಿ. ಇಲ್ಲಿ ನೋಡಿದ್ರ ನನಗಿಂತ ಬಾಯಿಬಡಕಿ!"

ಹಿಂದಿನಿಂದ ಉಮಾಶ್ರೀಯ ನಗು ಕೇಳಿಸಿತು. ಮಹಾನಂದಾ ಅಲ್ಲೇ ಗೋಡೆಗೊರಗಿ ಕೂತು ಉಸಿರು ಬಿಟ್ಟಳು. ಕಂಪನಿಗೆಂದು ಬರೆದಿಟ್ಟಿದ್ದ ಮೆಸೇಜನ್ನು ಅಳಿಸಿ ಹಾಕಿದಳು.

ಕಿವಿ ವಾಸಿಯಾಗುವವರೆಗೆ ಉಮಾಶ್ರೀಗೆ ಕೇಳುವ ಕೆಲಸ ಬೇಡವೆಂದಾಯಿತು. ಉಳಿದವರು ಟೈಪ್ ಮಾಡಿದ್ದನ್ನು ಅವಳು ಓದಿ ತಪ್ಪು ತಿದ್ದಿದಳು. ಸೋಮವಾರ ಸಂಜೆಯೊಳಗೆ ಎಲ್ಲ ಕೆಲಸವೂ ಹೋಯಿತು, ಹಿಂದೆಂದಿಗಿಂತ ಕಡಿಮೆ ತಪ್ಪುಗಳೊಂದಿಗೆ.

ಈಗ ಪ್ರತಿ ಸೋಮವಾರ ನಾಲ್ವರೂ ಹತ್ತು ನಿಮಿಷ ಫೋನಿನಲ್ಲಿ ಕೂಡುತ್ತಾರೆ. ಮೊದಲು ಊಟ, ಆರೋಗ್ಯ, ಆಮೇಲೆ ಕೆಲಸ. ಮೊನ್ನೆ, ಕಿವಿ ವಾಸಿಯಾದ ಉಮಾಶ್ರೀಯೇ ಕೇಳಿದಳು, "ನೀವು ಹೆಂಗದೀರಿ ಅಕ್ಕಾರ?"

"ಆರಾಮ," ಎಂದಳು ಮಹಾನಂದಾ.

"ಅದು ಮೊದಲನೇ ಉತ್ತರಾ. ಖರೇ ಹೇಳ್ರಿ."

ಮಹಾನಂದಾ ನಕ್ಕಳು. ಆಮೇಲೆ ವಾರದಿಂದ ತನ್ನ ಬೆನ್ನು ನೋಯುತ್ತಿದೆ ಎಂದು ಒಪ್ಪಿಕೊಂಡಳು. ಅಂದು ಅವಳ ಸಾಲನ್ನು ಉಮಾಶ್ರೀ ಎದುರಿನಿಂದ ಹಿಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಜೊತೆಗಾರರೂ ದೂರದ ಊರಿನಲ್ಲಿ ಕೂತು ದುಡಿಯುತ್ತಿರಬಹುದು. ಅವರು ಹಿಂದೆ ಬಿದ್ದರೆ ಬೈದು ಬರೆಯುವ ಮೊದಲು ಒಂದು ಫೋನ್ ಮಾಡಿ. ನೀವೇ ಹಿಂದೆ ಬಿದ್ದಿದ್ದರೆ ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ. ಅತ್ತಲಿಂದ "ಆರಾಮ" ಎಂಬ ಉತ್ತರ ಬಂದರೆ ಫೋನ್ ಇಡಬೇಡಿ. ಇನ್ನೊಮ್ಮೆ ಕೇಳಿ.