ಕೋಟೆ ಬೀಳಲಿ, ಬರ್ತೀನಿ

ನಮ್ಮ ಯಜಮಾನರು ಐತಿಹಾಸಿಕ ಕಾದಂಬರಿಕಾರರು. ವರ್ಷಕ್ಕೆ ಮೂರು ಬರೆಯುತ್ತಾರೆ. ಮೈ ಹುಷಾರಿಲ್ಲದಿದ್ದರೆ ಎರಡು. ಬೆಳಿಗ್ಗೆ ಯುದ್ಧಕ್ಕೆ ಹೊರಟವರ ಹಾಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಸಾವಿರಾರು ತಲೆಗಳು ಉರುಳುತ್ತವೆ. ಹೊರಗೆ ಬಂದ ಮೇಲೆ ಒಂದು ಜಿರಳೆ ಕಂಡರೆ ಮಂಚ ಹತ್ತುತ್ತಾರೆ.

ಪಾತ್ರಗಳಿಗಾಗಿ ಅವರು ದೂರ ಹೋಗುವುದಿಲ್ಲ. ನನ್ನ ನಾದಿನಿ ಆಗಲೇ ಮೂರು ಸಲ ಮಹಾರಾಣಿಯಾಗಿದ್ದಳು. ಅದೇ ಮೂಗು, ಅದೇ ಕೊಂಕು ಮಾತು. ‘ಪುಟ ಸ್ವಲ್ಪ ಕಡಿಮೆ ಮಾಡಿ ಸಾರ್’ ಎಂದ ತಪ್ಪಿಗೆ ಪ್ರಕಾಶಕ ದ್ರೋಹಿ ಮಂತ್ರಿಯಾಗಿ ವಿಷ ಕುಡಿದ. ಪಕ್ಕದ ಮನೆಯ ದರ್ಜಿ ಕೂಡ ಗೂಢಚಾರನಾದ. ನೆಂಟರು ಪುಸ್ತಕ ಕೊಳ್ಳುವುದೇ ಈ ಸಲ ತಮ್ಮನ್ನು ಕೊಂದಿದ್ದಾರೋ ಉಳಿಸಿದ್ದಾರೋ ನೋಡಲು. ನಾನೂ ಪ್ರತಿ ಪುಸ್ತಕದಲ್ಲಿ ನನ್ನನ್ನು ಹುಡುಕುತ್ತಿದ್ದೆ. ದಾಸಿಯರ ಗುಂಪಿನಲ್ಲೂ ನಾನಿರಲಿಲ್ಲ.

ನೂರನೆಯದು ಶುರುವಾದಾಗ ನಾಚಿಕೆ ಬಿಟ್ಟು ಕೇಳಿದೆ.

“ರೀ, ಇದರಲ್ಲಾದ್ರೂ ನನ್ನನ್ನ ಎಲ್ಲಾದ್ರೂ ಸೇರಿಸ್ತೀರಾ?”

“ನೋಡೋಣ, ಜಾಗ ಇದ್ರೆ,” ಎಂದರು, ಬಸ್ ಕಂಡಕ್ಟರ್ ಥರ.

ರಾಣಿಯಾಗುವ ಹುಚ್ಚು ನನಗೇನಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಮನುಷ್ಯ ನನ್ನನ್ನು ಒಮ್ಮೆಯಾದರೂ ಕಣ್ಣು ಬಿಟ್ಟು ನೋಡಿದ್ದಾರೆಯೇ, ಅಷ್ಟೇ ತಿಳಿಯಬೇಕಿತ್ತು.

ಪುಸ್ತಕ ಬಂತು. ದಿಂಬಾಗಿ ಇಟ್ಟುಕೊಂಡರೆ ಕುತ್ತಿಗೆ ಹಿಡಿದುಕೊಳ್ಳುವಷ್ಟು ದಪ್ಪ. ಮನೆಗೆಲಸ ಬದಿಗಿಟ್ಟು ಓದಿದೆ. ನಾದಿನಿ ನಾಲ್ಕನೇ ಸಲ ಪಟ್ಟಕ್ಕೇರಿದ್ದಳು. ನಾನು ಎಲ್ಲೂ ಕಾಣಲಿಲ್ಲ.

“ಎಲ್ಲಿದೀನ್ರೀ ನಾನು?”

“ಗೊತ್ತಾಗ್ಲಿಲ್ವಾ?” ಅವರ ಕಣ್ಣು ಆಗಲೇ ಒದ್ದೆಯಾಗಿತ್ತು. “ರಾಜನ ಕುದುರೆ.”

ಮತ್ತೆ ತೆರೆದು ಓದಿದೆ. ಕುದುರೆ ನಿಜಕ್ಕೂ ಒಳ್ಳೆಯದು. ಹಾಕಿದಷ್ಟು ತಿನ್ನುತ್ತದೆ, ದಾರಿ ತಪ್ಪುವುದಿಲ್ಲ, ಗಾಯಗೊಂಡ ರಾಜನನ್ನು ಅರಮನೆಯ ಬಾಗಿಲಿಗೆ ತಲುಪಿಸಿ ಸಾಯುತ್ತದೆ. ರಾಜ ಅದರ ಕುತ್ತಿಗೆ ತಬ್ಬಿಕೊಂಡು ಪುಟಗಟ್ಟಲೆ ಅಳುತ್ತಾನೆ: ‘ನೀನು ನನ್ನನ್ನು ಎಂದೂ ಏನನ್ನೂ ಕೇಳಲಿಲ್ಲ.’

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕೇಳಿದ್ದೆ. ಹಾಸಿಗೆ ಹಿಡಿದ ನಮ್ಮಮ್ಮ ‘ಅಳಿಯಂದಿರನ್ನ ಒಂದ್ಸಲ ನೋಡ್ಬೇಕು’ ಎಂದಾಗ, ಇದೇ ಕೋಣೆಯ ಬಾಗಿಲ ಹೊರಗೆ ನಿಂತು, ಒಂದು ದಿನದ ಮಟ್ಟಿಗೆ ಬನ್ನಿ ಎಂದು ಬೇಡಿಕೊಂಡಿದ್ದೆ. ಒಳಗಿಂದ ಉತ್ತರ ಬಂದಿತ್ತು: “ಮುತ್ತಿಗೆ ನಡೀತಿದೆ ಕಣೇ. ಕೋಟೆ ಬೀಳಲಿ, ಬರ್ತೀನಿ.” ಆ ಹಾಳು ಕೋಟೆ ತಿಂಗಳಾದರೂ ಬೀಳಲಿಲ್ಲ. ಕಾಯಲು ಅಮ್ಮನಿಗೆ ಅಷ್ಟು ಪುರುಸೊತ್ತಿರಲಿಲ್ಲ.

“ಕುದುರೆ ಯಾಕ್ರೀ ಸಾಯ್ಬೇಕು?” ಎಂದೆ.

“ಅದು ಸಾಯ್ದಿದ್ರೆ ರಾಜ ಅಳೋದು ಹೇಗೆ?”

ಇಷ್ಟೂ ತಿಳಿಯದವಳಿಗೆ ಕಾದಂಬರಿ ಯಾಕೆ ಎನ್ನುವಂತೆ ನನ್ನನ್ನು ನೋಡಿದರು.

ಮುಂದಿನ ವಾರ ಅವರಿಗೆ ಸನ್ಮಾನ. ವೇದಿಕೆಯ ಮೇಲೆ ಪಕ್ಕದಲ್ಲಿ ನನಗೂ ಒಂದು ಕುರ್ಚಿ. ನಾನು ಬರೋದಿಲ್ಲ ಎಂದೆ. ಯಾಕೆ ಎಂದು ಕೇಳಲಿಲ್ಲ. ಭಾಷಣದ ಹಾಳೆ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ನಾನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಹೊರಟರು. ನಾನು ಹೊಟ್ಟೆ ತುಂಬ ಊಟ ಮಾಡಿ, ಕಾಲು ಚಾಚಿ ಮಲಗಿದೆ.

ಸಂಜೆ ನನ್ನ ತಂಗಿ ಸಭೆಯಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಕೂರುವ ಮೊದಲೇ ಶುರು ಮಾಡಿದಳು.

“ಭಾವ ಆ ಕುದುರೆ ಸಾಯೋದನ್ನ ಓದಿದ್ರು. ಓದ್ತಾ ಓದ್ತಾ ನಿನ್ನ ಖಾಲಿ ಕುರ್ಚಿ ಕಡೆ ಕೈ ತೋರಿಸಿ, ಇದು ಬೇರೆ ಯಾರೂ ಅಲ್ಲ, ನನ್ನ ಹೆಂಡ್ತಿ ಅಂತ ಅತ್ತೇಬಿಟ್ರು. ಇಡೀ ಸಭೆ ಎದ್ದು ನಿಂತು ಮೌನ ಆಚರಿಸ್ತು.”

“ಮೌನ ಯಾಕೆ?”

“ನೀನು ಹೋಗ್ಬಿಟ್ಟಿದೀಯ ಅಂತ. ಆಮೇಲೆ ಒಬ್ಬೊಬ್ರಾಗಿ ಬಂದು ಭಾವನ ಕೈ ಹಿಡ್ಕೊಂಡು ಸಮಾಧಾನ ಹೇಳಿದ್ರು.”

“ಇವರೇನಂದ್ರು?”

ತಂಗಿ ನನ್ನ ಮುಖ ನೋಡಲಿಲ್ಲ.

“ಇಲ್ಲ ಅನ್ಲಿಲ್ಲ ಅಕ್ಕಾ. ಕಣ್ಣೊರೆಸ್ಕೊಂಡು, ಥ್ಯಾಂಕ್ಸ್ ಅಂದ್ರು.”