ನಾನೂರ ಹದಿನೇಳನೆಯ ಚಿತ್ರ

ಗುಪ್ — ಫಿಲ್ಮು ಗಾಜಿಗೆ ಅಂಟಿಕೊಂಡ ಸದ್ದು, ನನ್ನ ಮೇಜಿನದಲ್ಲ, ಪಕ್ಕದ್ದು, ಗುನ್ವೋರಳದು, ನಾನೂರು ಮುಗೀತು ಕಣೇ ಅಂತ ಈಗಷ್ಟೇ ಕಾಫಿ ಲೋಟ ಕೆಳಗಿಟ್ಟು ಕೂತಳು, ಹಾಗಾದರೆ ಇದು ನಾನೂರ ಒಂದು, ಮೋಟಾರು ಗುರ್ರೆಂದು ಮತ್ತೆ ಗುಪ್, ನಾನೂರ ಎರಡು, ನಾನು ನನ್ನ ಕೆಲಸ ನೋಡಬೇಕು, ನನ್ನೆದುರಿನ ಬಿಳಿ ಮೇಜಿನ ಮೇಲೂ ಒಂದು ಚಿತ್ರ ಬಿದ್ದಿದೆ, ಅದರ ಗೆರೆಗಳನ್ನು ಒಂದೊಂದಾಗಿ ಓದಬೇಕು, ಆದರೆ ಕಿವಿಯೆಲ್ಲ ಅತ್ತಲೇ — ಅವಳ ಮೇಜಿನ ಮೇಲಿರುವ ರೀಲು ಹೋದ ಮಂಗಳವಾರ ನನ್ನ ಮೇಜಿನ ಮೇಲಿತ್ತು, ಅದರ ನಾನೂರ ಹದಿನೇಳನೆಯ ಚಿತ್ರದಲ್ಲಿ ನಾನೊಂದು ಗೆರೆ ಕಂಡು ಹಾಳೆಯಲ್ಲಿ ಬರೆದಿದ್ದೇನೆ, ಅವಳಿಗದು ಗೊತ್ತಿಲ್ಲ, ಗೊತ್ತಾಗಲೂಬಾರದು. ಪ್ರತಿ ರೀಲನ್ನೂ ಇಬ್ಬರು ನೋಡಬೇಕು, ಒಬ್ಬಳು ಕಂಡದ್ದು ಇನ್ನೊಬ್ಬಳಿಗೆ ತಿಳಿಯಬಾರದು, ಆಮೇಲಷ್ಟೇ ಎರಡೂ ಹಾಳೆ ಟೂರ್ಲೈವ್ ಅವರ ಕೈಗೆ. ಅವರೇ ಸ್ವೆಟರಿನ ಮೊಣಕೈ ಸದಾ ಹರಿದಿರುವ ನಮ್ಮ ಭೌತವಿಜ್ಞಾನಿ, ನಾನು ಸೇರಿದ ಮೊದಲ ದಿನವೇ ಹೇಳಿದ್ದರು, ನೋಡಿ ಬೋರ್ಗಿಲ್ಡ್, ನೀವಿಬ್ರೂ ಮಾತಾಡ್ಕೊಂಡ್ರೆ ನನಗೆ ಸಿಗೋದು ಎರಡು ಜೊತೆ ಕಣ್ಣಲ್ಲ, ಒಂದೇ ಜೊತೆ, ಮಕ್ಕಳ ವಿಷಯ ಮಾತಾಡಿ, ಗಂಡಂದಿರನ್ನ ಬೈಕೊಳ್ಳಿ, ಫಿಲ್ಮಿನ ವಿಷಯ ಮಾತ್ರ ಬೇಡ. ಏಳು ವರ್ಷದಲ್ಲಿ ಗುನ್ವೋರಳ ಗಂಡನ ವಿಷಯ ಎಲ್ಲ ಗೊತ್ತಾಗಿದೆ, ಅವನ ಗೊರಕೆ, ಅವನ ದೋಣಿ, ಅವನ ತಂಗಿಯ ಜಗಳ, ಅವಳ ಹಾಳೆ ಮಾತ್ರ ಒಂದು ದಿನವೂ ನೋಡಿಲ್ಲ. ಗುಪ್. ಮೂರು.

ಅಲ್ಲಮ್ಮಾ, ದಿನವಿಡೀ ಕತ್ತಲಲ್ಲಿ ಕೂತು ಸಿನಿಮಾ ನೋಡೋದಕ್ಕೆ ಸಂಬಳ ಕೊಡ್ತಾರಂತಲ್ಲ, ಕತೆ ಚೆನ್ನಾಗಿದ್ಯಾ, ಎಂದು ಅತ್ತೆ ಭಾನುವಾರದ ಊಟದಲ್ಲಿ ಆಲೂಗಡ್ಡೆ ಬಡಿಸುತ್ತ ಕೇಳಿದರು, ಚೆನ್ನಾಗಿದೆ ಅತ್ತೆ, ಆದರೆ ಹೀರೋ ಒಂದ್ಸಲನೂ ತೆರೆ ಮೇಲೆ ಬರಲ್ಲ ಅಂದೆ, ಆರ್ವೆ ನಗುವುದಕ್ಕೆ ಹೋಗಿ ಅಮ್ಮನ ಮುಖ ನೋಡಿ ಕೆಮ್ಮಿದ — ನನ್ನ ಗಂಡ ಹಡಗುಕಟ್ಟೆಯಲ್ಲಿ ಕಬ್ಬಿಣ ಬೆಸೆಯುವವನು, ಅಮ್ಮನ ಎದುರು ಬೆಣ್ಣೆ. ನಿಜವಾಗಿಯೂ ಬರುವುದಿಲ್ಲ, ನಮ್ಮ ಹೀರೋ ಒಂದು ಕಣ, ದಕ್ಷಿಣದ ದೇಶದ ದೊಡ್ಡ ಯಂತ್ರದಿಂದ ಹೊರಟು ಕಲ್ಲು, ಕಬ್ಬಿಣ, ಮನುಷ್ಯರ ಮೈ ಎಲ್ಲವನ್ನೂ ದಾಟಿ ಹೋಗುತ್ತದೆ, ಗುರುತು ಬಿಡುವುದಿಲ್ಲ, ದ್ರವ ತುಂಬಿದ ಮಹಾ ತೊಟ್ಟಿಯೊಳಗೆ ಎಲ್ಲೋ ಕೋಟಿಗೊಮ್ಮೆ ಯಾವುದಕ್ಕೋ ತಗುಲುತ್ತದೆ, ತಗುಲಿಸಿಕೊಂಡದ್ದು ಓಡಿದ ದಾರಿಯುದ್ದಕ್ಕೂ ಗುಳ್ಳೆ ಏಳುತ್ತದೆ, ಗುಳ್ಳೆಯ ಗೆರೆ, ಅದರ ಫೋಟೋ, ಫಿಲ್ಮು ಮರದ ಪೆಟ್ಟಿಗೆಯಲ್ಲಿ ನಮ್ಮೂರು ಬೆರ್ಗೆನ್ನಿಗೆ ಬರುತ್ತದೆ, ಈ ನೆಲಮಾಳಿಗೆಗೆ, ನಾವು ಹನ್ನೊಂದು ಹೆಂಗಸರ ಎದುರಿಗೆ. ಗುಪ್, ಐದು. ಇಲ್ಲಿಗೆ ಮೊದಲು ನಾನು ಮೀನಿನ ಡಬ್ಬಿ ಕಾರ್ಖಾನೆಯಲ್ಲಿದ್ದೆ, ಓಡುವ ರಬ್ಬರು ಪಟ್ಟಿಯ ಮೇಲೆ ಹರಿದು ಬರುವ ಸಾವಿರ ಬೆಳ್ಳಿ ಮೀನಿನಲ್ಲಿ ಹೊಟ್ಟೆ ಒಡೆದದ್ದೊಂದನ್ನು ಎತ್ತಿ ಎಸೆಯಬೇಕು, ಯೋಚಿಸಿದರೆ ಮೀನು ದಾಟಿ ಹೋಯಿತು, ಕಣ್ಣು ಕಂಡ ಕೂಡಲೇ ಕೈ ಹೋಗಬೇಕು, ಒಳ್ಳೆಯ ಕಣ್ಣು ಮತ್ತು ತಾಳ್ಮೆ ಬೇಕಾಗಿದೆ ಎಂದು ಪತ್ರಿಕೆಯಲ್ಲಿ ಓದಿದಾಗ ಎರಡೂ ನನ್ನ ಹತ್ತಿರ ಇವೆ ಅನ್ನಿಸಿತು, ಬಂದೆ. ಓದಿದ ಹುಡುಗರನ್ನೂ ಮೊದಲು ಈ ಮೇಜಿಗೆ ಕೂರಿಸಿದ್ದರಂತೆ, ಅವರು ತಮಗೆ ಬೇಕಾದದ್ದನ್ನು ಮಾತ್ರ ಕಾಣುತ್ತಿದ್ದರಂತೆ. ನಾವು ಇದ್ದದ್ದನ್ನು ಕಾಣುತ್ತೇವೆ. ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ, ಬಸ್ಸಿನಲ್ಲಿ ಒಬ್ಬಳೇ ಕೂತಾಗ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಒಮ್ಮೊಮ್ಮೆ ಎರಡು ಸಲ.

ಎಂಟು. ಅವಳು ವೇಗ, ಬಹಳ ವೇಗ, ನನಗಿಂತ ದಿನಕ್ಕೆ ಐವತ್ತು ಚಿತ್ರ ಹೆಚ್ಚು, ಆ ವೇಗದಲ್ಲಿ ಆ ಗೆರೆ ಕಂಡೀತೇ, ಅಷ್ಟು ತೆಳು, ಮೂಲೆಯಲ್ಲೂ ಅಲ್ಲ, ನಡುವೆ, ಏನೂ ಇಲ್ಲದ ಕಡೆ. ಟೂರ್ಲೈವ್ ಹಿಂದಿನ ಚಳಿಗಾಲ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದರು, ಬಂದ ಕಣ ಎಲೆಕ್ಟ್ರಾನ್ ಒಂದನ್ನ ತಳ್ಳಿ, ತಾನು ಏನೂ ಬದಲಾಗ್ದೆ ಹಾಗೇ ಮುಂದೆ ಹೋಗ್ಬಿಟ್ರೆ ಚಿತ್ರದಲ್ಲಿ ಹೀಗೆ ಕಾಣ್ಬೇಕು, ಒಂದೇ ಗೆರೆ, ಜೊತೆಗೆ ಯಾರೂ ಇಲ್ಲ, ಲಕ್ಷ ಚಿತ್ರದಲ್ಲಿ ಒಂದು ಸಿಕ್ರೆ ಸಿಕ್ತು, ಸಿಗ್ದೇನೂ ಇರ್ಬಹುದು, ಸಿಕ್ರೆ ಮಾತ್ರ ಪಾಠದ ಪುಸ್ತಕ ತಿದ್ದಬೇಕಾಗುತ್ತೆ — ಪುಸ್ತಕ ತಿದ್ದುವ ಗೆರೆ, ಅದು ಕಂಡದ್ದು ಆ ಮಂಗಳವಾರವೇ ಆಗಬೇಕಿತ್ತೇ, ನನ್ನ ಮಗಳು ಟೋನೆಗೆ ಕಿವಿನೋವು, ಮೂರು ದಿನದಿಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿ ನನ್ನ ಕಣ್ಣಲ್ಲಿ ಮರಳು, ಬೆಳಿಗ್ಗೆ ಗಂಜಿ ತಳಹಿಡಿದು ಕಾಲುಚೀಲ ಅದಲುಬದಲಾಗಿ, ಒಂದು ಕಂದು ಒಂದು ಬೂದು, ಬಸ್ಸಿನಲ್ಲಿ ನೋಡಿಕೊಂಡೆ, ಆ ಕಣ್ಣಿನಿಂದ ಕಂಡದ್ದನ್ನು ನಂಬುವುದು ಹೇಗೆ. ನಿದ್ದೆಗೆಟ್ಟ ಕಣ್ಣು ಇಲ್ಲದ ನೊಣ ಕಾಣುತ್ತದೆ. ಆಗ ಎದ್ದು ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು ಬಂದು ಮತ್ತೆ ನೋಡಿದೆ, ಇತ್ತು, ಬರೆದೆ. ಅವತ್ತಿನಿಂದ ಒಂದೇ ಪ್ರಶ್ನೆ, ಇತ್ತೋ, ನಾನು ಇಟ್ಟೆನೋ. ಗುನ್ವೋರಳೂ ಕಂಡರೆ ಅದು ಇತ್ತು. ಕಾಣದಿದ್ದರೆ ಟೂರ್ಲೈವ್ ಬಂದು ನೋಡುತ್ತಾರೆ, ಮೆತ್ತಗೆ ಕೇಳುತ್ತಾರೆ, ಅವತ್ತು ನಿಮ್ಮ ಮಗೂಗೆ ಹುಷಾರಿರಲಿಲ್ಲ ಅಲ್ವಾ. ಆ ಮೆತ್ತನೆಯ ದನಿ ನನಗೆ ಬೇಡ. ಇವತ್ತು ಮಧ್ಯಾಹ್ನ ಗುನ್ವೋರ್ ಎದುರಿಗೇ ಕೂತು ಡಬ್ಬಿ ಬಿಚ್ಚಿದಳು, ಕಂದು ಚೀಸು, ರೊಟ್ಟಿ, ಇವತ್ತಿನ ರೀಲು ಬರೀ ಸಪ್ಪೆ ಕಣೇ, ಬೇಗ ಮುಗಿಸಿ ನಾಲ್ಕು ಗಂಟೆ ಬಸ್ಸು ಹಿಡೀತೀನಿ ಅಂದಳು, ನಿಧಾನ ಕಣೇ ಎಂದು ಒಂದೇ ಒಂದು ಮಾತು ಹೇಳಲು ಹೊರಟೆ, ಆಡಿದರೆ ಅವಳು ಕಂಡಾಳು, ಆದರೆ ಆಗ ಕಂಡದ್ದು ಅವಳಲ್ಲ, ಮತ್ತೆ ನಾನೇ. ನಿನ್ನ ಗಂಡ ದೋಣಿಗೆ ಬಣ್ಣ ಹೊಡೆದನಾ ಎಂದು ಕೇಳಿದೆ.

ಹನ್ನೊಂದು. ನಿಂತಿತು — ಮೋಟಾರು ನಿಂತಿತು, ಇನ್ನೂ ಆರು ಬಾಕಿ ಇರುವಾಗ ನಿಂತಿತು, ನಾನೇ ಲೆಕ್ಕ ತಪ್ಪಿದೆನೇ, ಚರಚರ ಸದ್ದು, ಕಾಗದ, ಓ, ಕೆಮ್ಮಿನ ಮಿಠಾಯಿ ಬಿಚ್ಚುತ್ತಿದ್ದಾಳೆ ಹಾಳಾದವಳು, ನಿನಗೊಂದು ಬೇಕೇನೇ ಅಂದಳು, ಬೇಡ ಅಂದೆ, ಯಾಕೆ ನಿನ್ನ ದನಿ ಹೀಗಾಗಿದೆ, ಏನಿಲ್ಲ. ಹನ್ನೆರಡು. ಹದಿಮೂರು. ನನ್ನ ಚಿತ್ರ ಎಷ್ಟು ಹೊತ್ತಿನಿಂದ ಒಂದೇ ಇದೆ, ಅವಳೂ ನನ್ನ ಮೇಜಿನ ಸದ್ದು ಕೇಳುತ್ತಿದ್ದರೆ, ಗುಂಡಿ ಒತ್ತಿದೆ, ಬಂದ ಚಿತ್ರದಲ್ಲಿ ಏನೂ ಕಾಣಲಿಲ್ಲ, ಇದನ್ನು ನಾಳೆ ಮತ್ತೆ ನೋಡಬೇಕು. ಹದಿನೈದು. ಹದಿನಾರು. ಮೋಟಾರು, ಗುಪ್. ಒಂದು ಉಸಿರು, ಎರಡು, ಮೂರು, ಅವಳಿಗೆ ಮಾಮೂಲು ಐದು ಉಸಿರು ಸಾಕು, ಏಳು, ಒಂಬತ್ತು, ಮಿಠಾಯಿ ಹಲ್ಲಿಗೆ ತಗುಲುವ ಸದ್ದೂ ನಿಂತಿದೆ. ಬೋರ್ಗಿಲ್ಡ್, ಒಂದ್ನಿಮಿಷ ಬಾರೇ ಇಲ್ಲಿ, ಇದು ಫಿಲ್ಮಿನ ಗೀರೋ ಏನೋ ಗೊತ್ತಾಗ್ತಿಲ್ಲ. ಎದ್ದೇಬಿಟ್ಟಿದ್ದೆ, ನಾಲ್ಕೇ ಹೆಜ್ಜೆ, ಬಾಯಿ ಮುಚ್ಚಿಕೊಂಡೇ ಹೋದರೂ ಮುಖ ಹೇಳಿಬಿಡುತ್ತದೆ, ಕುರ್ಚಿ ಹಿಡಿದು ಮತ್ತೆ ಕೂತೆ. ಬರಲ್ಲ ಕಣೇ, ನೀನು ಕಂಡದ್ದನ್ನ ನೀನೇ ತೀರ್ಮಾನ ಮಾಡು. ಅಬ್ಬಾ, ಏನು ಕಟ್ಟುನಿಟ್ಟು, ನೀನೂ ಸ್ವೆಟರಿನ ಮೊಣಕೈ ಹರ್ಕೊಂಡು ಬಾ ನಾಳೆಯಿಂದ. ಬರ್ತೀನಿ ಅಂದೆ, ಅಷ್ಟು ಹೇಳುವುದಕ್ಕೆ ಎಲ್ಲ ಉಸಿರೂ ಖರ್ಚಾಯಿತು. ಗೀರಾದರೆ ಬರೆಯುವಂಥದ್ದೇನಿಲ್ಲ, ಗುಂಡಿ ಒತ್ತಿ ಮುಂದೆ ಹೋಗುವುದು, ಆದ್ದರಿಂದ ಇನ್ನು ಇರುವುದು ಎರಡೇ ಸದ್ದು, ಮೋಟಾರು ಇಲ್ಲವೇ ಪೆನ್ಸಿಲ್ಲು, ಅಳತೆಪಟ್ಟಿ ಮೇಜಿಗೆ ತಗುಲಿತು, ಎತ್ತಿದಳು, ಇನ್ನೊಂದು ಕಡೆ ಇಟ್ಟಳು, ತಾನಾಗಿಯೇ ಅಳೆಯುತ್ತಿದ್ದಾಳೆ, ನನ್ನ ವೇಗದ ಗುನ್ವೋರ್, ನಾಲ್ಕು ಗಂಟೆಯ ಬಸ್ಸಿನ ಗುನ್ವೋರ್, ಮೋಟಾರು ಬೇಡ, ಮೋಟಾರು ಬೇಡ — ಪೆನ್ಸಿಲ್ಲು. ಪೆನ್ಸಿಲ್ಲು ಕಾಗದದ ಮೇಲೆ, ಒಂದು ಸಾಲು, ಇನ್ನೊಂದು, ಇನ್ನೂ ಬರೆಯುತ್ತಿದ್ದಾಳೆ, ನಾನು ನೋಡಬೇಕಾಗಿಲ್ಲ, ನನ್ನ ಮೇಜಿನ ಬಿಳುಪಿನಲ್ಲಿ ಈಗ ಬೇರೇನೂ ಇಲ್ಲ, ಅದೊಂದೇ, ಎಲ್ಲಿಂದಲೂ ಬರದೆ ನಡುವಿನಲ್ಲೇ ಹೊರಟು, ಸ್ವಲ್ಪ ಬಾಗಿ, ಇನ್ನೂ ಬಾಗಿ, ತನ್ನೊಳಗೇ ಸುತ್ತಿಕೊಂಡ ಗೆರೆ, ಹಿಂದೆ ಏನೂ ಇಲ್ಲದ ಗೆರೆ, ಇತ್ತು, ಆ ಗೆರೆ ಇತ್ತು.